ತೂಕದ ಮುಳ್ಳು ಏಕೆ ನಿಲ್ಲುತ್ತದೆ?

ಮನೆಯಲ್ಲೇ ವ್ಯಾಯಾಮ ಮಾಡುವವರ ತೂಕ ಮೊದಲ ವಾರಗಳಲ್ಲಿ ಬೇಗ ಇಳಿದು, ಆಮೇಲೆ ನಿಂತುಬಿಡುವುದುಂಟು. ಬೇಸತ್ತು ಕೆಲವರು ವ್ಯಾಯಾಮ ಬಿಡುತ್ತಾರೆ, ಕೆಲವರು ಊಟವನ್ನೇ ಬಿಡುತ್ತಾರೆ. ಎರಡೂ ಸರಿಯಲ್ಲ. ಇದು ಶಕ್ತಿಯ ಲೆಕ್ಕ. ನೀವೇ ಮಾಡಿ ನೋಡಬಹುದು.

ಮೊದಲು ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ದೇಹದಲ್ಲಿ ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಗ್ಲೈಕೊಜೆನ್ ಖರ್ಚಾದಾಗ ಆ ನೀರೂ ಹೊರಹೋಗುತ್ತದೆ.

ಈಗ 80 ಕಿಲೋಗ್ರಾಂ ತೂಕದವರು 20 ಸೆಂಟಿಮೀಟರ್ ಎತ್ತರದ ಮೆಟ್ಟಿಲನ್ನು ದಿನಕ್ಕೆ 500 ಸಲ ಹತ್ತಿ ಇಳಿಯುತ್ತಾರೆ ಎನ್ನಿ. ಏರಿದ ಒಟ್ಟು ಎತ್ತರ 100 ಮೀಟರ್. ಗುರುತ್ವಕ್ಕೆ ಎದುರಾಗಿ ಮಾಡಿದ ಕೆಲಸ 80 × 9.8 × 100 = 78,400 ಜೌಲ್. ಸ್ನಾಯುಗಳ ದಕ್ಷತೆ ಶೇಕಡಾ 25 ಎಂದುಕೊಂಡರೆ, ಏರುವುದಕ್ಕೆ ತಗಲುವ ಶಕ್ತಿ ಸುಮಾರು 75 ಕಿಲೋಕ್ಯಾಲರಿ. ತೂಕ 72 ಕಿಲೋಗ್ರಾಂಗೆ ಇಳಿದರೆ ಅದೇ ವ್ಯಾಯಾಮಕ್ಕೆ 67 ಸಾಕು. ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯೂ ಇಳಿದ ಪ್ರತಿ ಕಿಲೋಗ್ರಾಂಗೆ ಸುಮಾರು 10 ಕಿಲೋಕ್ಯಾಲರಿಯಂತೆ, ದಿನಕ್ಕೆ 80ರಷ್ಟು ಕುಗ್ಗುತ್ತದೆ. ಹೀಗೆ ಖರ್ಚು ಒಟ್ಟು 88ರಷ್ಟು ಕಡಿಮೆಯಾಯಿತು. ಶ್ರೀನಿವಾಸಪುರದ ಒಂದು ಮಾವಿನಹಣ್ಣಿನ 150 ಗ್ರಾಂ ತಿರುಳಿನಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ! ಖರ್ಚು ಇಳಿಯುತ್ತಾ ಬಂದು ಆಹಾರದ ಶಕ್ತಿಗೆ ಸಮನಾದಾಗ ತೂಕ ನಿಲ್ಲುತ್ತದೆ.

ಈ ಸಮತೋಲನ ಮುರಿಯಲು ಉಪವಾಸ ಬೇಡ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯವರು ದಿನದ ಮುದ್ದೆಯಲ್ಲಿ 25 ಗ್ರಾಂ ರಾಗಿಹಿಟ್ಟು ಕಡಿಮೆ ಮಾಡಿದರೆ ಸುಮಾರು 80 ಕಿಲೋಕ್ಯಾಲರಿ ಉಳಿಯುತ್ತದೆ. ಸೊಪ್ಪು, ಕಾಳಿನ ಸಾರು ಹಾಗೆಯೇ ಇರಲಿ. ಇಲ್ಲವೇ ಮೆಟ್ಟಿಲಿನ ಎಣಿಕೆಯನ್ನು ಕ್ರಮೇಣ ಹೆಚ್ಚಿಸಿ. ನೀರು ತುಂಬಿದ ಬಾಟಲಿಗಳನ್ನು ಎತ್ತುವ ವ್ಯಾಯಾಮ ಸ್ನಾಯು ಕರಗದಂತೆ ಕಾಪಾಡುತ್ತದೆ.

ಉಪ್ಪು, ನೀರಿನಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕಿಲೋಗ್ರಾಂವರೆಗೆ ಏರಿಳಿಯಬಹುದು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಒಂದೇ ಸಮಯಕ್ಕೆ ತೂಗಿ, ವಾರದ ಸರಾಸರಿಗಳನ್ನು ಹೋಲಿಸಿ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಮಧುಮೇಹಿಗಳು ವೈದ್ಯರನ್ನು ಕೇಳದೆ ಆಹಾರ ತಗ್ಗಿಸಬಾರದು.