ಹೊಲದಡಿಯ ಬೆಸುಗೆ ಎಷ್ಟು ತಾಳುತ್ತದೆ?

ಹೈದರಾಬಾದಿನಿಂದ ಸೋಲಾಪುರದ ಕಡೆ ಹೋಗುವ ಹೆದ್ದಾರಿ ಹುಮನಾಬಾದ್ ದಾಟಿ ಬಸವಕಲ್ಯಾಣದ ತಿರುವಿನತ್ತ ಸಾಗುತ್ತದೆ. ಎರಡೂ ಬದಿಗೆ ತೊಗರಿ, ಸೋಯಾ, ಅಲ್ಲಲ್ಲಿ ಕಬ್ಬು. ಕಾಕಿನಾಡದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿ.ಮೀ. ಉದ್ದದ ಅನಿಲ ಕೊಳವೆಮಾರ್ಗ ಕರ್ನಾಟಕವನ್ನು ಹಾಯುವುದು ಈ ಬೀದರ್ ಸೀಮೆಯಲ್ಲೇ. ಕೃಷ್ಣಾ-ಗೋದಾವರಿ ಕಡಲಿನ ಅನಿಲವನ್ನು ಪಶ್ಚಿಮಕ್ಕೆ ಒಯ್ಯಲು ರಿಲಯನ್ಸ್ ಹಾಕಿದ ಈ ಮಾರ್ಗ 2009ರಲ್ಲಿ ಚಾಲೂ ಆಯಿತು. ಕೊಳವೆಯ ಅಡ್ಡಳತೆ 48 ಇಂಚು. ಮಕ್ಕಳು ಒಳಗೆ ನಿಂತು ಆಡಬಹುದಾದಷ್ಟು ದೊಡ್ಡದು.

ಇಂಥ ಮಾರ್ಗಗಳಿಗಾಗಿ 1962ರಲ್ಲೇ ಒಂದು ಕಾನೂನು ಬಂದಿದೆ. ಅದರ ಪ್ರಕಾರ ಹೊಲ ರೈತನದೇ, ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಆದರೆ ಕೊಳವೆ ಹಾಯುವ ನೆಲದ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಿತ್ತಬಹುದು, ಕೊಯ್ಯಬಹುದು. ನೇಗಿಲು ಮೇಲೆ ಓಡುತ್ತಿರುತ್ತದೆ, ಅನಿಲ ಕೆಳಗೆ ಓಡುತ್ತಿರುತ್ತದೆ.

ಒಂದೊಂದು ಕೊಳವೆ ಹೆಚ್ಚುಕಡಿಮೆ 12 ಮೀಟರ್ ಉದ್ದವೆಂದು ಹಿಡಿದರೆ, ಕಿಲೋಮೀಟರಿಗೆ 80ಕ್ಕಿಂತ ಹೆಚ್ಚು ಸುತ್ತುಬೆಸುಗೆ ಬೇಕು. ಇಡೀ ಮಾರ್ಗಕ್ಕೆ ಲೆಕ್ಕ ಹಾಕಿದರೆ ಒಂದು ಲಕ್ಷ ದಾಟುತ್ತದೆ. ಕಾರ್ಖಾನೆಯ ಸೂರಿನಡಿ ಹಾಕಿದ ಬೆಸುಗೆಗಳಲ್ಲ ಇವು. ಬಿಸಿಲು, ಗಾಳಿ, ಧೂಳಿನ ನಡುವೆ ಪದರದ ಮೇಲೆ ಪದರ ಹಾಕಿದಂಥವು.

ಬೆಸುಗೆ ಮುಗಿದ ಮೇಲೆ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ತಪಾಸಣೆ ನಡೆಯುತ್ತದೆ. ಒಳಗೆ ಗುಳ್ಳೆ ಇದೆಯೇ, ಕಿಟ್ಟ ಸಿಕ್ಕಿದೆಯೇ, ಸೀಳು ಬಿಟ್ಟಿದೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ. ಆದರೆ ಗೊತ್ತಾದ ಸೀಳು ಇದ್ದಲ್ಲೇ ಇರುತ್ತದೋ, ಒಮ್ಮೆಲೇ ಹರಿದು ಓಡುತ್ತದೋ ಎಂದು ಹೇಳುವುದು ಎಕ್ಸ್‌ರೇಯ ಕೈಲಾಗದ ಮಾತು. ಅದಕ್ಕೆ ಲೋಹದ ಬಿರುಕು ತಾಳಿಕೆಯನ್ನು ಅಳೆಯಬೇಕು. ತಾಳಿಕೆಯೆಂದರೆ ಬಲವಲ್ಲ, ಗಡಸುತನವೂ ಅಲ್ಲ. ಬಿಸಿ ಜೋಳದ ರೊಟ್ಟಿಯ ಅಂಚಿನಲ್ಲಿ ಸೀಳಿದ್ದರೂ ಎಳೆದರೆ ನಿಧಾನವಾಗಿ ಹರಿಯುತ್ತದೆ. ಅದೇ ಹಿಟ್ಟಿನ ಖಡಕ್ ರೊಟ್ಟಿ ಅದಕ್ಕಿಂತ ಗಟ್ಟಿ, ಆದರೆ ಸಣ್ಣ ಸೀಳು ಸಾಕು, ಚಟ್ಟನೆ ಮುರಿಯುತ್ತದೆ. ರೊಟ್ಟಿಯಲ್ಲಿ ಈ ಫರಕು ನೀರಿನ ಅಂಶದ್ದು, ಉಕ್ಕಿನಲ್ಲಿ ತಾಪಮಾನ ಮತ್ತು ಹರಳುಗಳ ಗಾತ್ರದ್ದು.

ಜಗತ್ತಿಗೆ ಇದು ಸುಲಭದಲ್ಲಿ ಅರ್ಥವಾಗಲಿಲ್ಲ. 1943ರ ಜನವರಿ 16ರ ರಾತ್ರಿ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಿಶ್ಚಲ ನೀರಿನ ಮೇಲೆ ಸುಮ್ಮನೆ ನಿಂತಿದ್ದ ‘ಷೆನೆಕ್ಟಡಿ’ ಎಂಬ ಹೊಸ ಟ್ಯಾಂಕರ್ ಹಡಗು ನಡುವೆ ಬಿರುಕು ಬಿಟ್ಟು ಎರಡು ತುಂಡಿನಂತಾಯಿತು. ಬಿರುಗಾಳಿಯಿಲ್ಲ, ಢಿಕ್ಕಿಯಿಲ್ಲ. ಎಲ್ಲರ ಬೆರಳೂ ಬೆಸುಗೆಯತ್ತ ತಿರುಗಿತು. ಕೇಂಬ್ರಿಜ್‌ನ ಕಾನ್ಸ್ಟನ್ಸ್ ಟಿಪ್ಪರ್ ಯುದ್ಧಕಾಲದ ಹಡಗುಗಳ ಇಂಥ ಮುರಿತಗಳನ್ನು ಪರಿಶೀಲಿಸಿ, ಆ ಉಕ್ಕೇ ಚಳಿಗೆ ಪೆಡಸಾಗುತ್ತದೆಂದು ತೋರಿಸಿದರು. ಬೆಸುಗೆಗೂ ಪಾಲಿತ್ತು, ಅದು ಬೇರೆ ತರಹದ್ದು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲಬಹುದಿತ್ತು. ಬೆಸೆದ ಹಡಗು ಇಡಿಯಾಗಿ ಒಂದೇ ತಗಡು, ಬಿರುಕಿಗೆ ತಡೆಯೇ ಇಲ್ಲ.

ಕೊಳವೆಮಾರ್ಗವೂ ಹಾಗೆಯೇ ಒಂದೇ ತುಂಡು. 1960ರಲ್ಲಿ ಅಮೆರಿಕದ ಒಂದು 30 ಇಂಚಿನ ಮಾರ್ಗವನ್ನು ಅನಿಲ ತುಂಬಿ ಪರೀಕ್ಷಿಸುವಾಗ ಎದ್ದ ಬಿರುಕು ಸುಮಾರು 13 ಕಿ.ಮೀ. ಓಡಿತು! ಕೊಳವೆ ಒಡೆದಾಗ ಒಳಗಿನ ಒತ್ತಡ ಇಳಿಯುವ ಅಲೆ ಅನಿಲದಲ್ಲಿ ಸೆಕೆಂಡಿಗೆ ಸುಮಾರು 400 ಮೀಟರ್ ಹೋಗುತ್ತದೆ. ಪೆಡಸು ಬಿರುಕು ಅದಕ್ಕಿಂತ ವೇಗ. ಹಾಗಾಗಿ ಬಿರುಕಿನ ತುದಿಗೆ ಸದಾ ಪೂರ್ತಿ ಒತ್ತಡ ಸಿಗುತ್ತಲೇ ಇರುತ್ತದೆ. ನೀರಿನಲ್ಲಾದರೆ ಆ ಅಲೆ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಧಾವಿಸಿ ಬಿರುಕನ್ನು ಹಿಂದಿಕ್ಕುತ್ತದೆ. ಹೊಸ ಮಾರ್ಗಕ್ಕೆ ನೀರು ತುಂಬಿ ಒತ್ತಡ ಕೊಟ್ಟು ನೋಡುವುದು ಸುರಕ್ಷಿತ ಎನ್ನುವುದಕ್ಕೆ ಇದೂ ಒಂದು ಕಾರಣ.

ಓಡುವ ಬಿರುಕನ್ನು ತಡೆಯುವುದು ಕೊಳವೆಯ ಮೈಗೆ ಬಿಟ್ಟದ್ದು. ಬೆಸುಗೆಯ ಪರೀಕ್ಷೆ ಕೇಳುವುದು ಅದಕ್ಕೂ ಮುಂಚಿನ ಪ್ರಶ್ನೆ: ಇರುವ ಸೀಳು ಹೊರಡುತ್ತದೋ ಇಲ್ಲವೋ? 1901ರಲ್ಲಿ ಫ್ರಾನ್ಸಿನ ಜಾರ್ಜ್ ಶಾರ್ಪಿ ವಿವರಿಸಿದ ಲೋಲಕದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 10 ಮಿ.ಮೀ. ದಪ್ಪ, 55 ಮಿ.ಮೀ. ಉದ್ದದ ತುಂಡಿಗೆ 2 ಮಿ.ಮೀ. ಆಳದ ಕಚ್ಚು ಹಾಕಿ, ತೂಗುವ ಸುತ್ತಿಗೆಯಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಹಿಡಿಯಿತೆಂದು ನೋಡುತ್ತಾರೆ. ಅಗ್ಗ, ಚುರುಕು, ಆದರೆ ಒರಟು. ನಿಜವಾದ ಸೀಳು ಆ ಕಚ್ಚಿನ ಹಾಗೆ ಮೊಂಡಾಗಿರುವುದಿಲ್ಲ.

ಆ ಕೊರತೆ ತುಂಬಲು ಬಂದದ್ದು ಬ್ರಿಟನ್ನಿನ ಅಲನ್ ವೆಲ್ಸ್ 1960ರ ದಶಕದ ಆರಂಭದಲ್ಲಿ ಮುಂದಿಟ್ಟ ಅಳತೆ. ಎಂಜಿನಿಯರುಗಳ ಬಾಯಲ್ಲಿ ಅದು ಸಿ.ಟಿ.ಒ.ಡಿ., ಅಂದರೆ ಬಿರುಕಿನ ತುದಿ ಎಷ್ಟು ಅಗಲುತ್ತದೆ ಎಂಬುದು. ಕೆಲಸಕ್ಕೆ ಮೊದಲು ಎರಡು ಕೊಳವೆಗಳನ್ನು ಬೆಸೆದು, ಆ ಜಾಗದಿಂದ ಪಟ್ಟಿ ಕತ್ತರಿಸಿ, ಕಚ್ಚು ಹಾಕುತ್ತಾರೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಳಲಿಸುವ ಹಾಗೆ ಸಾವಿರಾರು ಸಲ ಸಣ್ಣ ಭಾರ ಕೊಟ್ಟು ಆ ಕಚ್ಚಿನ ಬುಡದಲ್ಲಿ ನಿಜವಾದ ಕೂದಲೆಳೆ ಬಿರುಕನ್ನು ಬೆಳೆಸುತ್ತಾರೆ. ಆಮೇಲೆ ತುಂಡನ್ನು ತಂಪುಮಾಡಿ, ಎರಡು ತುದಿಗೆ ಆಧಾರ ಕೊಟ್ಟು ನಡುವೆ ಒತ್ತಿ ಬಗ್ಗಿಸುತ್ತಾರೆ. ಕಚ್ಚಿನ ಬಾಯಿಗೆ ಸಿಕ್ಕಿಸಿದ ಮಾಪಕ ಅದು ತೆರೆದುಕೊಳ್ಳುವುದನ್ನು ಬರೆದಿಡುತ್ತದೆ. ಉತ್ತರ ಬರುವುದು ಮಿಲಿಮೀಟರಿನ ಭಾಗಗಳಲ್ಲಿ. ಅಮೆರಿಕದ ಎಪಿಐ 1104 ಮಾನಕದ ಹಿಂದಿನ ಆವೃತ್ತಿಗಳಲ್ಲಿ ಎರಡು ಮಟ್ಟಗಳಿದ್ದವು: 0.127 ಮತ್ತು 0.254 ಮಿ.ಮೀ. ಇಷ್ಟು ಅಗಲಿಕೆಯನ್ನು ತಾಳಿದರೆ ಎಷ್ಟು ದೊಡ್ಡ ಸೀಳನ್ನು ಬೆಸುಗೆಯಲ್ಲಿ ಹಾಗೇ ಬಿಡಬಹುದು, ಎಷ್ಟನ್ನು ಕೆರೆದು ತೆಗೆಯಬೇಕು ಎಂಬ ಲೆಕ್ಕ ಕೈಗೆ ಸಿಗುತ್ತದೆ.

ಬೀದರಿನಲ್ಲಿ ಚಳಿ ಅಂದರೂ ಪಾರಾ ಹತ್ತು ಡಿಗ್ರಿಯ ಆಸುಪಾಸು. ಒಂದು ಮೀಟರ್ ಆಳದ ಮಣ್ಣಿಗೆ ಆ ಚಳಿಯೂ ಅಷ್ಟಾಗಿ ತಟ್ಟುವುದಿಲ್ಲ. ಹೀಗಿದ್ದೂ ಕೊಳವೆ ಉಕ್ಕಿನ ಮಾನಕ ಶಾರ್ಪಿ ಪರೀಕ್ಷೆಗೆ ಸೊನ್ನೆ ಡಿಗ್ರಿ ಕೇಳುತ್ತದೆ. ಅತಿಯೆನಿಸಿದರೂ ಅದರಲ್ಲಿ ಅರ್ಥವಿದೆ. ಒತ್ತಡದ ಅನಿಲ ಏಕಾಏಕಿ ಹಿಗ್ಗಿದಾಗ ತಣ್ಣಗಾಗುತ್ತದೆ, ಕವಾಟದ ಹತ್ತಿರದ ಉಕ್ಕನ್ನೂ ತಣ್ಣಗಾಗಿಸುತ್ತದೆ. ಮೇಲೆ ತೊಗರಿ ಒಣಗುತ್ತಿರುವಾಗಲೂ.

ಪರೀಕ್ಷಕರಿಗೆ ನಿಜವಾದ ತಲೆನೋವು ಬೆಸುಗೆಯ ನಡುಭಾಗದ್ದಲ್ಲ, ಅದರ ಅಂಚಿನದು. ಬೆಸುಗೆಯ ಕಾವು ತಗುಲಿದ ಕಡೆ ಮೂಲ ಉಕ್ಕಿನ ಹರಳುಗಳು ಊದಿಕೊಳ್ಳುತ್ತವೆ. ಕೆಲವೇ ಮಿಲಿಮೀಟರ್ ಅಗಲದ ಆ ಪಟ್ಟಿಯಲ್ಲೇ ತಾಳಿಕೆ ಕುಸಿಯುವುದು ಹೆಚ್ಚು. ಬಿರುಕಿನ ತುದಿ ಅಲ್ಲೇ ಕೂತಿರಬೇಕು, ಕೂದಲೆಳೆ ಆಚೀಚೆ ಆದರೆ ಅಳೆದದ್ದು ಬೇರೆಯೇ ಲೋಹವನ್ನು. ಹೀಗಾಗಿ ಪರೀಕ್ಷೆ ಮುಗಿದ ಮೇಲೂ ತುಂಡನ್ನು ಕೊಯ್ದು, ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಡಿ ಬಿರುಕು ಎಲ್ಲಿ ಹಾದಿತ್ತೆಂದು ಹುಡುಕುತ್ತಾರೆ. ಗುರಿ ತಪ್ಪಿದ್ದರೆ ಬಂದ ಅಂಕಿ ಎಷ್ಟೇ ಚೆಂದವಿರಲಿ ಲೆಕ್ಕಕ್ಕಿಲ್ಲ. ಬೆಸುಗೆಯಿಂದ ಇನ್ನೊಂದು ಪಟ್ಟಿ ಕತ್ತರಿಸಿ, ಕಚ್ಚು ಹಾಕುವುದರಿಂದಲೇ ಮತ್ತೆ ಶುರುಮಾಡಬೇಕು.