ತೊಗರಿಯ ಒಳಗಿನ ಕಾವಲು ಬಳಗ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳಲ್ಲಿ ತೊಗರಿ ಹೂಬಿಟ್ಟು ಕಾಯಿ ಕಟ್ಟುವ ದಿನಗಳಲ್ಲಿ ನೀವು ಇದನ್ನು ಗಮನಿಸಿರಬಹುದು. ಒಂದು ಗಿಡ ಹಸುರಾಗಿ ನಿಂತಿರುತ್ತದೆ. ಅದರ ಮಗ್ಗುಲ ಗಿಡ ಎಲೆ ಬಾಡಿ ಒಣಗಿರುತ್ತದೆ. ಭೂಮಿಯಲ್ಲಿ ತೇವವಿದ್ದರೂ ಗಿಡಕ್ಕೆ ನೀರು ದೊರೆಯದು. ಇದೇ ನೆಟೆ ರೋಗ. ಒಣಗಿದ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ.

ಹಸುರಾಗಿ ಉಳಿದ ಗಿಡಕ್ಕೆ ರೋಗ ತಗಲದೆಯೇ ಇದ್ದಿರಬಹುದು. ಆದರೆ ರೋಗ ತಗಲಿದರೂ ತಡೆದುಕೊಳ್ಳುವ ತಳಿಗಳಿವೆ ಎಂಬುದೂ ನಿಜ. ಓಡಿಹೋಗಲಾರದ, ಕೂಗಲಾರದ ಗಿಡ ತನ್ನನ್ನು ಹೇಗೆ ಕಾದುಕೊಳ್ಳುತ್ತದೆ?

ಅದರ ಆಯುಧಗಳನ್ನು ಸಿದ್ಧಮಾಡುವ ಕೆಲಸಗಾರರೇ ಕಿಣ್ವಗಳು. ಮೊಳಕೆ ಬಂದ ಜೋಳ ಸಿಹಿಯಾಗುವುದು ಕಿಣ್ವದಿಂದ. ಅದು ಕಾಳಿನ ಹಿಟ್ಟನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಪ್ರತಿಯೊಂದು ಕಿಣ್ವವನ್ನು ಕಟ್ಟುವ ವಿಧಾನವು ಗಿಡದ ಜೀನುಗಳಲ್ಲಿ ಬರೆದಿರುತ್ತದೆ.

ಕಾವಲಿಗೆ ಸಂಬಂಧಿಸಿದ ಎರಡು ಕಿಣ್ವಗಳನ್ನು ಇಲ್ಲಿ ನೋಡೋಣ. ಒಂದರ ಹೆಸರು ಲಿಪಾಕ್ಸಿಜಿನೇಸ್. ಕಾಯಿಕೊರಕ ಹುಳು ಗಿಡವನ್ನು ಕಡಿದಾಗ ಜೀವಕೋಶದ ಪೊರೆಯಿಂದ ಒಂದು ಬಗೆಯ ಕೊಬ್ಬಿನ ಆಮ್ಲ ಬಿಡುಗಡೆಯಾಗುತ್ತದೆ. ಲಿಪಾಕ್ಸಿಜಿನೇಸ್ ಅದಕ್ಕೆ ಆಮ್ಲಜನಕವನ್ನು ಸೇರಿಸುತ್ತದೆ; ಮುಂದೆ ಬೇರೆ ಕಿಣ್ವಗಳು ಅದನ್ನು ಜಾಸ್ಮೋನಿಕ್ ಆಮ್ಲವೆಂಬ ಹಾರ್ಮೋನನ್ನಾಗಿ ಮಾಡುತ್ತವೆ. ಈ ಹೆಸರು ಮಲ್ಲಿಗೆಯಿಂದ ಬಂದದ್ದು. ಇದರ ಹತ್ತಿರದ ಬಂಧುವನ್ನು 1962ರಲ್ಲಿ ಜಾಜಿಯ ಎಣ್ಣೆಯಿಂದ ಬೇರ್ಪಡಿಸಿದರು. ಅದೇ ವಸ್ತುವಿನ ಆವಿ ತಗಲಿದರೆ ಟೊಮೆಟೊ ಎಲೆಯು ಹುಳುವಿನ ಜೀರ್ಣಶಕ್ತಿಯನ್ನು ಕುಂದಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ ಎಂದು 1990ರಲ್ಲಿ ಫಾರ್ಮರ್ ಮತ್ತು ರಯನ್ ಎಂಬ ವಿಜ್ಞಾನಿಗಳು ತೋರಿಸಿದರು.

ಇನ್ನೊಂದು, ಫಿನೈಲಲನಿನ್ ಅಮೋನಿಯ ಲಯೇಸ್. ಇದರ ಕೆಲಸದಿಂದ ಹೊರಡುವ ದಾರಿ ಹಲವು ಕವಲಾಗುತ್ತದೆ. ಒಂದು ಕವಲಿನಲ್ಲಿ ಜೀವಕೋಶದ ಗೋಡೆಯನ್ನು ಗಟ್ಟಿಮಾಡುವ ಲಿಗ್ನಿನ್ ಆಗುತ್ತದೆ. ಇನ್ನೊಂದರಲ್ಲಿ ಸ್ಯಾಲಿಸಿಲಿಕ್ ಆಮ್ಲವೆಂಬ ಹಾರ್ಮೋನಿನ ಒಂದು ಪಾಲು. ಮತ್ತೊಂದರಲ್ಲಿ ಶಿಲೀಂಧ್ರಗಳಿಗೆ ವಿಷವಾಗುವ ಪದಾರ್ಥಗಳು. ತೊಗರಿಯಲ್ಲಿ ದೊರೆಯುವ ಕಜನಾಲ್ ಇಂತಹದೊಂದು.

ಈ ಕಿಣ್ವಗಳಿಗೆ ಒಂದೊಂದೇ ಜೀನು ಇರುವುದಿಲ್ಲ. ಒಂದೊಂದು ಮನೆತನವೇ ಇರುತ್ತದೆ. ಹಿಂದೆಂದೋ ಒಂದು ಜೀನು ಎರಡಾಗಿ, ಎರಡು ನಾಲ್ಕಾಗಿ, ಕಾಲಕ್ರಮದಲ್ಲಿ ಕೆಲಸ ಹಂಚಿಕೊಂಡಿವೆ. ಕೂಡು ಕುಟುಂಬದಲ್ಲಿ ಒಬ್ಬನು ನೇಗಿಲು ಹಿಡಿದರೆ ಮತ್ತೊಬ್ಬನು ದನ ನೋಡುವಂತೆ, ಒಂದು ಜೀನು ಬೇರಿನಲ್ಲಿ ಹೆಚ್ಚು ದುಡಿದರೆ ಇನ್ನೊಂದು ಎಲೆಗೆ ಗಾಯವಾದಾಗ ಎಚ್ಚರಗೊಳ್ಳುತ್ತದೆ. ಪ್ರಯೋಗಶಾಲೆಗಳಲ್ಲಿ ಬಹಳವಾಗಿ ಪರೀಕ್ಷಿಸಿರುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಲಿಪಾಕ್ಸಿಜಿನೇಸಿನ 6 ಜೀನುಗಳಿವೆ; ಅವುಗಳಲ್ಲಿ ನಾಲ್ಕು ಮಾತ್ರ ಜಾಸ್ಮೋನಿಕ್ ಆಮ್ಲದ ಕಡೆಗೆ ಹೋಗುವ ಬಗೆಯವು.

ನಮ್ಮ ತೊಗರಿಯ ಜೀನುಗಳ ಪಟ್ಟಿಯೂ ಈಗ ಕೈಯಲ್ಲಿದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳುತನದಲ್ಲಿ 'ಆಶಾ' ತಳಿಯನ್ನು ಓದಿ, 48,680 ಜೀನುಗಳನ್ನು ಗುರುತಿಸಿ, 2011ರ ಕೊನೆಯಲ್ಲಿ ಪ್ರಕಟಿಸಿದರು. ಇದರಿಂದ ತಳಿಗಾರನಿಗೆ ಯಾವ ಮನೆತನದ ಯಾವ ಜೀನು ಎಲ್ಲಿದೆಯೆಂದು ಹುಡುಕುವುದು ಸುಲಭವಾಯಿತು.

ಹಾಗಾದರೆ ಎಂದೂ ನೆಟೆ ಹತ್ತದ ತೊಗರಿ ಬರುವುದೇ? ಅವಸರ ಸಲ್ಲದು. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾದ 'ಮಾರುತಿ' ತಳಿ ನೆಟೆಯನ್ನು ತಡೆಯುವುದಕ್ಕೇ ಹೆಸರಾಯಿತು. ಆದರೆ ಶಿಲೀಂಧ್ರದಲ್ಲಿಯೂ ಹಲವು ಬಗೆಗಳಿವೆ. ಒಂದು ಊರಿನಲ್ಲಿ ತಡೆದುಕೊಂಡ ತಳಿ ಇನ್ನೊಂದೂರಿನಲ್ಲಿ ಸೋಲಬಹುದು. ಕಾಯಿಕೊರಕ ಹುಳುವೂ ಗಿಡದ ಪ್ರೋಟೀನಿಗೆ ಮಣಿಯದ ಬೇರೆ ಜೀರ್ಣಕಿಣ್ವಗಳನ್ನು ಹೂಡಿ ಬದುಕಿಕೊಳ್ಳುತ್ತದೆ. ಗಿಡದ ಮನೆತನಕ್ಕೆ ಎದುರಾಗಿ ವೈರಿಗೂ ಮನೆತನವಿದೆ!

ಆದುದರಿಂದ ಗಿಡದ ಕಾವಲಿಗೆ ರೈತನ ಕಾವಲೂ ಕೂಡಬೇಕು. ನಾಳ ಕಟ್ಟಿ ಬಾಡಿದ ಗಿಡವನ್ನು ಔಷಧ ಸಿಂಪಡಿಸಿ ಉಳಿಸಲಾಗದು. ಕೊಯ್ಲಿನ ನಂತರವೂ ರೋಗವು ಕೂಳೆಯಲ್ಲಿ, ಬೇರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನಿಮ್ಮ ಭಾಗದಲ್ಲಿ ಪರೀಕ್ಷಿಸಿದ ನಿರೋಧಕ ಬೀಜವನ್ನೇ ಆರಿಸಿರಿ. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ ಬಿತ್ತಿರಿ. ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಿರಿ. ತೊಗರಿಯ ಮೇಲೆ ತೊಗರಿಯನ್ನೇ ಬಿತ್ತದೆ ಜೋಳದೊಡನೆ ಸರದಿ ಮಾಡಿರಿ. ತೊಗರಿಯ ನಡುವೆ ಜೋಳದ ಸಾಲು ಹಾಕುತ್ತಿದ್ದ ಹಿರಿಯರಿಗೆ ಕಿಣ್ವದ ಹೆಸರು ತಿಳಿದಿರಲಿಲ್ಲ. ಆದರೂ ಜೋಳ ಜೊತೆಗಿದ್ದ ಹೊಲದಲ್ಲಿ ನೆಟೆ ಕಡಿಮೆಯಾಗುವುದೆಂದು ಪ್ರಯೋಗಗಳೂ ತೋರಿಸಿವೆ.