ನಿಮಗಿದು ಗೊತ್ತೆ? ಘಾಟಿ ತಿರುವಿನ ಕಾವಲು

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಮಳೆಗಾಲವೆಂದರೆ ಮಂಜು, ಕೊಳೆತ ಎಲೆ, ಜಾರುವ ಡಾಂಬರು. ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿದರೆ ಚಕ್ರ ಬಿಗಿದು ಕಾರು ನೇರ ಜಾರುತ್ತದೆ, ಸ್ಟೀರಿಂಗ್ ಮಾತು ಕೇಳದು. ಎಬಿಎಸ್ ಇದ್ದರೆ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ, ಬಿಗಿದು, ಚಕ್ರ ಉರುಳುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಜರ್ಮನಿಯ ಬಾಷ್ ಕಂಪನಿ 1978ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1995ರಲ್ಲಿ ಬಂದ ಇಎಸ್‌ಪಿ ಇನ್ನೂ ಚುರುಕು: ಚಾಲಕ ತಿರುಗಿಸಿದ ದಿಕ್ಕಿಗೆ ಕಾರು ಹೊರಳದಿದ್ದರೆ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಕೊಡಗಿನ ಕಾಫಿ ತೋಟಗಳ ಹಳೆಯ ಜೀಪುಗಳಲ್ಲಿ ಇವೆರಡೂ ಇಲ್ಲ. ಅವುಗಳನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ ಹಿಡಿತದಲ್ಲೇ ಇಳಿಸಬೇಕು.